ಮೀನಿನ ಕತ್ತಿ, ಲಿಂಬೆ ಮತ್ತು ನೊರೆ: ಮನೆಯ ಶುಚಿಕಾರಕಗಳಿಂದ ಆಮ್ಲ–ಪ್ರತ್ಯಾಮ್ಲ ಪಾಠ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು
ಅವಧಿ: 2
ಮಾದರಿ: 5ಇ

ಕಲಿಕಾ ಫಲಗಳು
1. ಮನೆಯಲ್ಲಿ ಬಳಸುವ ಶುಚಿಕಾರಕಗಳನ್ನು ಆಮ್ಲ, ಪ್ರತ್ಯಾಮ್ಲ ಮತ್ತು ನೊರೆಕಾರಕಗಳೆಂದು ವರ್ಗೀಕರಿಸುವರು.
2. ತಟಸ್ಥೀಕರಣದ ಆಧಾರದಲ್ಲಿ ಯಾವ ಕೊಳೆಗೆ ಯಾವ ವಸ್ತು ಎಂದು ಕಾರಣ ಕೊಡುವರು.
3. ಬೆರೆಸಬಾರದ ಶುಚಿಕಾರಕಗಳನ್ನು ಗುರುತಿಸುವರು.

ತೊಡಗಿಸಿಕೊಳ್ಳುವಿಕೆ
ಗಂಗೊಳ್ಳಿ ಮೀನುಗಾರಿಕಾ ಬಂದರಿನ ಊರು. ಬೋಧನಾಭ್ಯಾಸಕ್ಕೆ ನನಗೆ ದೊರೆತ ತರಗತಿಯಲ್ಲಿ ಹೆಚ್ಚಿನವರ ಮನೆಯಲ್ಲಿ ಮೀನಿನ ಅಡುಗೆ ದಿನನಿತ್ಯದ್ದು. ಹಾಗಾಗಿ ಪಾಠವನ್ನು ಒಂದೇ ಪ್ರಶ್ನೆಯಿಂದ ಆರಂಭಿಸಿದೆ: “ಮೀನು ಕೊಯ್ದ ಮೆಟ್ಟುಕತ್ತಿಯನ್ನು ನಿಮ್ಮ ಮನೆಯಲ್ಲಿ ಏನು ಹಾಕಿ ತೊಳೆಯುತ್ತಾರೆ?” ಲಿಂಬೆ ಸಿಪ್ಪೆ, ಹುಣಸೆಹಣ್ಣು, ಬಿಂಬುಳಿ, ಬೂದಿ ಎಂದು ಉತ್ತರಗಳು ಬಂದವು. ಒಬ್ಬಳು ಅಜ್ಜಿಯ ಕಾಲದ ಅಂಟುವಾಳವನ್ನೂ ನೆನಪಿಸಿದಳು.

ಈ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಮೂರು ಸಾಲುಗಳಾಗಿ ಬರೆದೆವು. ಹುಳಿಯವು ಆಮ್ಲಗಳು: ಲಿಂಬೆಯಲ್ಲಿ ಸಿಟ್ರಿಕ್, ಹುಣಸೆಯಲ್ಲಿ ಟಾರ್ಟಾರಿಕ್, ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ. ಪೊಟ್ಯಾಸಿಯಂ ಕಾರ್ಬೊನೇಟ್ ಇರುವ ಕಟ್ಟಿಗೆ ಬೂದಿ ಮತ್ತು ಅಡುಗೆ ಸೋಡಾ ಪ್ರತ್ಯಾಮ್ಲೀಯ. ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಜಿಡ್ಡನ್ನು ಬಿಡಿಸುತ್ತದೆ.

ನಾನು ಮಾಡಿದ ತಪ್ಪು
ಇಲ್ಲಿಯವರೆಗೆ ಪಾಠ ಸರಿಯಾಗಿಯೇ ಸಾಗಿತ್ತು. ತರಗತಿಯನ್ನು ಇನ್ನಷ್ಟು ಆಕರ್ಷಕವಾಗಿಸಬೇಕೆಂಬ ಆಸೆಯಿಂದ ನಾನು ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದೆ. ನೊರೆ ಉಕ್ಕಿತು, ಮಕ್ಕಳು ಚಪ್ಪಾಳೆ ತಟ್ಟಿದರು. “ಎರಡೂ ಒಳ್ಳೆಯ ಶುಚಿಕಾರಕಗಳು, ಬೆರೆಸಿದರೆ ಶಕ್ತಿ ಇಮ್ಮಡಿ” ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವರ ಮನೆಯಲ್ಲಿ ಬ್ಲೀಚಿಂಗ್ ಪುಡಿಯೂ ಇದೆ, ಶೌಚಾಲಯ ತೊಳೆಯುವ ಆಸಿಡ್ಡೂ ಇದೆ. “ಎರಡೂ ತೊಳುದಕ್ಕೇ ಅಲ್ದಾ ಟೀಚರೆ, ಒಟ್ಟಿಗೆ ಹಾಕ್ರೆ ಆತ್ತಾ?”

ನನ್ನ ಕೈ ತಣ್ಣಗಾಯಿತು. ಆ ಎರಡು ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರಾಟಕ್ಕೇ ಕುತ್ತು. ಕೂಡಲೇ “ಎಂದಿಗೂ ಬೆರೆಸಬಾರದು” ಎಂದು ಹೇಳಿ ಹಲಗೆಯ ಮೇಲೆ ದೊಡ್ಡದಾಗಿ ಬರೆಸಿದೆ. ಆದರೆ ಹುಡುಗ ತಪ್ಪು ಯೋಚಿಸಿರಲಿಲ್ಲ. ನಾನು ಕೊಟ್ಟ ಸೂತ್ರವನ್ನೇ ಅವನು ಮುಂದುವರಿಸಿದ್ದ. ತಪ್ಪು ಸೂತ್ರದಲ್ಲಿತ್ತು.

ಅವಧಿ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರ ಸಲಹೆ ಹೀಗಿತ್ತು: “ಬ್ಲೀಚಿಂಗ್ ಪುಡಿಯ ಮಾತು ಹೇಳಿಯೇ ತಿಳಿಸಬೇಕು, ಅದು ಸರಿಯಾಯಿತು. ಸೋಡಾ–ವಿನೆಗರ್ ವಿಷಯ ಮಾತ್ರ ನೀವು ಹೇಳಬೇಡಿ, ನಾಳೆ ಅವರೇ ಪರೀಕ್ಷಿಸಲಿ.”

ಪರಿಶೋಧನೆ (ಎರಡನೆಯ ಅವಧಿ)
ನಾಲ್ಕು ಸ್ಟೀಲ್ ತಟ್ಟೆಗಳಿಗೆ ಒಂದೇ ಬಂಗುಡೆ ಮೀನಿನ ತುಂಡನ್ನು ಸವರಿ ಅರ್ಧ ಗಂಟೆ ಇಟ್ಟಿದ್ದೆ. ನಾಲ್ಕು ಗುಂಪುಗಳು ಅವನ್ನು ಕ್ರಮವಾಗಿ ಬರೀ ನೀರು, ಸೋಡಾ ದ್ರಾವಣ, ಲಿಂಬೆರಸ ಮತ್ತು ಸೋಡಾ–ವಿನೆಗರ್ ಮಿಶ್ರಣದಿಂದ ತೊಳೆದವು. ಯಾವ ತಟ್ಟೆ ಯಾವುದೆಂದು ತಿಳಿಸದೆ ಎಲ್ಲರೂ ಮೂಸಿ ನೋಡಿದರು. ವಾಸನೆ ಹೋದದ್ದು ಲಿಂಬೆಯ ತಟ್ಟೆಯಲ್ಲಿ ಎಂದು ಎಲ್ಲ ಗುಂಪುಗಳೂ ಬರೆದವು. ನನ್ನ “ಇಮ್ಮಡಿ ಶಕ್ತಿ”ಯ ತಟ್ಟೆ ನೀರಿನ ತಟ್ಟೆಯ ಹತ್ತಿರದಲ್ಲೇ ನಿಂತಿತು.

ಬಳಿಕ ದಾಸವಾಳದ ರಸವನ್ನು ಸೂಚಕವಾಗಿ ಬಳಸಿದೆವು. ವಿನೆಗರ್‌ನಲ್ಲಿ ಗಾಢ ಗುಲಾಬಿ, ಸೋಡಾದಲ್ಲಿ ಹಸಿರು ಬಂತು. ನೊರೆ ಇಳಿದ ಮಿಶ್ರಣದಲ್ಲಿ ಎರಡೂ ಅಲ್ಲದ ಮಸುಕು ಬಣ್ಣ. ನಿನ್ನೆಯ ಹುಡುಗನೇ ಕೇಳಿದ: “ನೊರೆ ಇಳ್ದ್ ಮೇಲೆ ಹುಳಿ ಎಲ್ಲಿ ಹೋಯ್ತ್, ಟೀಚರೆ?” ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ಪಾಠ ಯೋಜನೆಯಲ್ಲಿ ನಾನು ಬರೆದಿರಲಿಲ್ಲ.

ವಿವರಣೆ
ಸಮುದ್ರದ ಮೀನಿನ ದೇಹದಲ್ಲಿ ಟ್ರೈಮೀಥೈಲ್‌ಅಮೀನ್ ಆಕ್ಸೈಡ್ ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಟ್ರೈಮೀಥೈಲ್‌ಅಮೀನ್ ಆಗಿ ಬದಲಿಸುತ್ತವೆ. ಮೂಗಿಗೆ ಬರುವ ಮೀನಿನ ವಾಸನೆಗೆ ಮುಖ್ಯ ಕಾರಣ ಸುಲಭವಾಗಿ ಆವಿಯಾಗುವ ಈ ಪ್ರತ್ಯಾಮ್ಲ. ಹುಳಿ ಸೇರಿದಾಗ ಅದು ಲವಣವಾಗುತ್ತದೆ. ಲವಣ ಆವಿಯಾಗದೆ ನೀರಿನಲ್ಲಿ ಕರಗಿ ತೊಳೆದುಹೋಗುತ್ತದೆ. ಅಮ್ಮಂದಿರು ಕತ್ತಿಗೆ ಲಿಂಬೆ ತಿಕ್ಕುವುದು ತಟಸ್ಥೀಕರಣವೇ.

ಸೋಡಾ–ವಿನೆಗರ್ ಮಿಶ್ರಣದಲ್ಲಿಯೂ ತಟಸ್ಥೀಕರಣವೇ ನಡೆಯುತ್ತದೆ, ಆದರೆ ಕೊಳೆಯನ್ನು ಮುಟ್ಟುವ ಮೊದಲೇ ಪಾತ್ರೆಯೊಳಗೆ ಮುಗಿದುಹೋಗುತ್ತದೆ. 5 ಗ್ರಾಂ ಅಡುಗೆ ಸೋಡಾಕ್ಕೆ ಶೇ. 5ರ ವಿನೆಗರ್ ಸುಮಾರು 70 ಮಿ.ಲೀ. ಸೇರಿದರೆ ಉಳಿಯುವುದು ಸೋಡಿಯಂ ಅಸಿಟೇಟ್ ಮತ್ತು ನೀರು. ಕಾರ್ಬನ್ ಡೈಆಕ್ಸೈಡ್ ನೊರೆಯಾಗಿ ಹಾರಿಹೋಗುತ್ತದೆ. ಗುಳ್ಳೆಗಳು ಸಡಿಲ ಕೊಳೆಯನ್ನು ಸ್ವಲ್ಪ ಅಲುಗಿಸಬಹುದು, ಅಷ್ಟೆ.

ವಿಸ್ತರಣೆ: ಮನೆಗೆ ಒಯ್ಯುವ ಸೂತ್ರಗಳು
• ಮೀನಿನ ಕತ್ತಿ, ಹಲಗೆ, ಕೈ: ಲಿಂಬೆ ಅಥವಾ ಹುಣಸೆ ರಸ ತಿಕ್ಕಿ ತಕ್ಷಣ ತೊಳೆಯಬೇಕು. ಕಬ್ಬಿಣದ ಕತ್ತಿಯಲ್ಲಿ ಹುಳಿ ಉಳಿದರೆ ತುಕ್ಕು ಹಿಡಿಯುತ್ತದೆ, ಒರೆಸಿ ಒಣಗಿಸಬೇಕು.
• ಹಿತ್ತಾಳೆ ದೀಪ, ತಾಮ್ರದ ಚೊಂಬು: ಹುಣಸೆ ಅಥವಾ ಬಿಂಬುಳಿಗೆ ಉಪ್ಪು ಸೇರಿಸಿ ತಿಕ್ಕಬೇಕು. ಆಮ್ಲವು ಕಪ್ಪಾದ ಆಕ್ಸೈಡ್ ಪದರವನ್ನು ಕರಗಿಸುತ್ತದೆ.
• ಎಣ್ಣೆ ಜಿಡ್ಡಿನ ಪಾತ್ರೆ: ಸೋಡಾ ಅಥವಾ ಜರಡಿ ಹಿಡಿದ ಬೂದಿಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಬೇಡ.
• ಸೋಡಾ, ಹುಳಿ ಎರಡೂ ಬೇಕಾದರೆ ಒಂದಾದ ಮೇಲೊಂದು. ನಡುವೆ ನೀರಿನಿಂದ ತೊಳೆಯಬೇಕು.
• ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್, ವಿನೆಗರ್, ಲಿಂಬೆ ಯಾವುದನ್ನೂ ಬೆರೆಸಬಾರದು. ಇದನ್ನು ಪ್ರಯೋಗವಾಗಿ ತೋರಿಸಲೂಬಾರದು.

ಮೌಲ್ಯಮಾಪನ
1. ಮೀನಿನ ವಾಸನೆಗೆ ಸೋಡಾಕ್ಕಿಂತ ಲಿಂಬೆ ಏಕೆ ಸೂಕ್ತ?
2. ಹೆಚ್ಚು ನೊರೆ ಎಂದರೆ ಹೆಚ್ಚು ಶುಚಿ ಎನ್ನಬಹುದೇ? ಪ್ರಯೋಗದ ಆಧಾರದಲ್ಲಿ ಉತ್ತರಿಸಿ.
3. ಮನೆಯಲ್ಲಿರುವ ಶುಚಿಕಾರಕಗಳ ಪಟ್ಟಿ ಮಾಡಿ, ಬೆರೆಸಬಾರದ ಜೋಡಿಗಳಿಗೆ ಕೆಂಪು ಗುರುತು ಹಾಕಿ.

ಪ್ರತಿಫಲನ
ಮನೆಯ ವಸ್ತುಗಳೆಂದರೆ ಅಪಾಯವಿಲ್ಲ ಎಂದುಕೊಂಡು ತರಗತಿಗೆ ಹೋಗಿದ್ದೆ. ವಸ್ತುವಿಗಿಂತ ಹೆಚ್ಚು ಅಪಾಯಕಾರಿಯಾದದ್ದು ನನ್ನ ಆತುರದ ಸಾಮಾನ್ಯೀಕರಣ. ಮಕ್ಕಳು ನಾವು ತೋರಿಸಿದ ಪ್ರಯೋಗವನ್ನಷ್ಟೇ ಮನೆಗೆ ಒಯ್ಯುವುದಿಲ್ಲ, ಅದರ ಹಿಂದಿನ ನಿಯಮವನ್ನೂ ಒಯ್ದು ಬೇರೆ ಕಡೆ ಅನ್ವಯಿಸುತ್ತಾರೆ. ಅದೇ ಕಲಿಕೆಯ ಲಕ್ಷಣ. ಆದ್ದರಿಂದಲೇ ನಿಯಮ ಸರಿಯಿರಬೇಕು. ಈ ಪಾಠವನ್ನು ಕೈಗೆತ್ತಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ನೊರೆಯನ್ನು ತೋರಿಸಲಿ. ನೊರೆ ಇಳಿದ ಮೇಲೆ ಪಾತ್ರೆಯಲ್ಲಿ ಏನು ಉಳಿಯಿತು ಎಂಬುದನ್ನೂ ಅದೇ ಅವಧಿಯಲ್ಲಿ ಕೇಳಲಿ.