ನೆಲದ ಮೇಲೆ ಉಳಿದವನು

1903ನೆಯ ಇಸವಿ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಕಡಲತೀರದಲ್ಲಿ ಆರ್ವಿಲ್ ರೈಟ್ ಹನ್ನೆರಡು ಸೆಕೆಂಡುಗಳ ಕಾಲ ಆಕಾಶದಲ್ಲಿ ಹಾರಿದನು. ಅವನು ಕ್ರಮಿಸಿದ ದೂರ 120 ಅಡಿ. ಆ ವಿಮಾನವನ್ನು ರೂಪಿಸಿದವರು ಆರ್ವಿಲ್ ಮತ್ತು ಅವನ ಅಣ್ಣ ವಿಲ್ಬರ್ ಎಂಬುದನ್ನು ನೀವು ಓದಿದ್ದೀರಿ. ಅದರ ಎಂಜಿನನ್ನು ಕೈಯಾರೆ ಮಾಡಿದವನು ಮಾತ್ರ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಅವನು ನೂರಾರು ಮೈಲಿ ದೂರದ ಡೇಟನ್ ನಗರದಲ್ಲಿ ರೈಟ್ ಸೋದರರ ಸೈಕಲ್ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದನು. ಅವನೇ ಚಾರ್ಲಿ ಟೇಲರ್.

ಚಾರ್ಲಿ ಹುಟ್ಟಿದ್ದು 1868ರಲ್ಲಿ, ಇಲಿನಾಯ್ ರಾಜ್ಯದಲ್ಲಿ, ಬೆಳೆದದ್ದು ನೆಬ್ರಾಸ್ಕದಲ್ಲಿ. ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ದುಡಿಮೆಗೆ ನಿಂತನು. ಲೋಹದ ಕೆಲಸ ಅವನ ಕೈಗೆ ಒಲಿಯಿತು. 1894ರಲ್ಲಿ ಹೆನ್ರಿಯೆಟಾ ಎಂಬಾಕೆಯನ್ನು ಮದುವೆಯಾದನು. ಎರಡು ವರ್ಷಗಳ ತರುವಾಯ ಸಂಸಾರದೊಡನೆ ಡೇಟನ್ನಿಗೆ ಬಂದು ನೆಲಸಿದನು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಅವನಿಗೆ ಗಂಟೆಗೆ 25 ಸೆಂಟು ಕೂಲಿ. 1901ರ ಜೂನಿನಲ್ಲಿ ರೈಟ್ ಸೋದರರು ವಾರಕ್ಕೆ 18 ಡಾಲರ್, ಎಂದರೆ ಗಂಟೆಗೆ 30 ಸೆಂಟಿನಂತೆ, ಕೊಡುವೆವೆಂದು ಕರೆದರು. ಚಾರ್ಲಿ ಒಪ್ಪಿದನು. ಕೂಲಿ ಹೆಚ್ಚು ಎಂಬುದು ಒಂದು ಕಾರಣ. ಅಂಗಡಿ ಮನೆಯಿಂದ ಆರೇ ಬೀದಿಗಳಾಚೆ ಇದ್ದುದರಿಂದ ಮಧ್ಯಾಹ್ನದ ಊಟಕ್ಕೆ ಸೈಕಲ್ ಏರಿ ಮನೆಗೆ ಹೋಗಬಹುದು ಎಂಬುದು ಇನ್ನೊಂದು. ಇತಿಹಾಸಕಾರರಿಗೆ ಈ ಎರಡನೆಯದು ಅಲ್ಪ ಕಾರಣವಾಗಿ ತೋರಬಹುದು. ಹೆಂಡತಿ ಮಕ್ಕಳಿರುವ ದುಡಿಮೆಗಾರನಿಗೆ ಅದು ಅಲ್ಪವಲ್ಲ.

ಸೋದರರು ಗ್ಲೈಡರ್ ಹಾರಿಸಲು ಕಡಲತೀರಕ್ಕೆ ಹೋದಾಗಲೆಲ್ಲ ಅಂಗಡಿಯ ಭಾರ ಚಾರ್ಲಿಯದು. 1902ರ ಕೊನೆಯಲ್ಲಿ ಅವರಿಗೆ ಎಂಜಿನ್ ಬೇಕಾಯಿತು. ಎಂಟು ಅಶ್ವಶಕ್ತಿಯಾದರೂ ಇರಬೇಕು, ತೂಕ ಮಾತ್ರ ಹಗುರವಾಗಿರಬೇಕು. ಹಲವು ತಯಾರಕರಿಗೆ ಕಾಗದ ಬರೆದರು. ಅಂಥದನ್ನು ಕೊಡಲು ಯಾರೂ ಮುಂದೆ ಬರಲಿಲ್ಲ. ಹಾಗಾದರೆ ನಾವೇ ಮಾಡೋಣವೆಂದು ನಿರ್ಧರಿಸಿದರು. ಆ ಕೆಲಸ ಬಂದುದು ಚಾರ್ಲಿಯ ಪಾಲಿಗೆ. ಅದುವರೆಗೆ ಅವನು ಒಂದು ಮೋಟಾರು ಬಂಡಿಯ ಎಂಜಿನನ್ನು ದುರಸ್ತಿ ಮಾಡಲು ಯತ್ನಿಸಿದ್ದನೇ ಹೊರತು ಹೊಸದೊಂದನ್ನು ಮಾಡಿದವನಲ್ಲ.

ಅಂಗಡಿಯಲ್ಲಿದ್ದ ಮುಖ್ಯ ಯಂತ್ರಗಳು ಎರಡೇ: ಒಂದು ಲೇತು, ಒಂದು ರಂಧ್ರ ಕೊರೆಯುವ ಯಂತ್ರ. ವಿಧಿವತ್ತಾದ ನಕ್ಷೆಗಳೂ ಇರಲಿಲ್ಲ. ಮೂವರಲ್ಲಿ ಯಾರಾದರೊಬ್ಬರು ಚೂರು ಕಾಗದದ ಮೇಲೆ ಬೇಕಾದ ಭಾಗದ ಚಿತ್ರ ಗೀಚುವರು. ಚಾರ್ಲಿ ಅದನ್ನು ತನ್ನ ಕೆಲಸದ ಮೇಜಿನ ಮೇಲುಗಡೆ ಚುಚ್ಚಿಟ್ಟುಕೊಂಡು ದುಡಿಯುವನು. ಎಲ್ಲಕ್ಕಿಂತ ಕಷ್ಟವಾದುದು ಕ್ರ್ಯಾಂಕ್ ದಂಡ. ಸಿಲಿಂಡರುಗಳಲ್ಲಿ ಮುಂದಕ್ಕೂ ಹಿಂದಕ್ಕೂ ಸರಿಯುವ ಕೊಂತಗಳ ಚಲನೆಯನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವುದು ಇದೇ. ಇದು ಕೂದಲೆಳೆಯಷ್ಟು ಓರೆಯಾದರೂ ಎಂಜಿನ್ ನಡುಗುತ್ತದೆ. ಚಾರ್ಲಿ 31 ಅಂಗುಲ ಉದ್ದ, 6 ಅಂಗುಲ ಅಗಲದ ಉಕ್ಕಿನ ಹಲಗೆಯೊಂದನ್ನು ತೆಗೆದುಕೊಂಡನು. ಅದರ ಮೇಲೆ ದಂಡದ ಆಕಾರವನ್ನು ಗೆರೆಯೆಳೆದು, ಗೆರೆಯುದ್ದಕ್ಕೂ ಒತ್ತೊತ್ತಾಗಿ ರಂಧ್ರ ಕೊರೆದು, ಬೇಡದ ಉಕ್ಕನ್ನು ಉಳಿ ಸುತ್ತಿಗೆಗಳಿಂದ ಹೊಡೆದು ಕೆಡವಿದನು. ಉಳಿದುದನ್ನು ಲೇತಿಗೆ ಏರಿಸಿ ನುಣುಪುಗೊಳಿಸಿದನು. ಸಿದ್ಧವಾದ ದಂಡದ ತೂಕ 19 ಪೌಂಡು. ಹೊರಕವಚವನ್ನು ಮಾತ್ರ ಊರಿನ ಎರಕದ ಕಾರ್ಖಾನೆಯಲ್ಲಿ ಅಲ್ಯೂಮಿನಿಯಮಿನಲ್ಲಿ ಹೊಯ್ಯಿಸಿದರು. ತೂಕ ಉಳಿಸಿದ ಉಪಾಯವದು.

ಆರು ವಾರಗಳಲ್ಲಿ ಎಂಜಿನ್ ಸಿದ್ಧವಾಯಿತು. 1903ರ ಫೆಬ್ರವರಿಯಲ್ಲಿ ಅದನ್ನು ನಡೆಸಿ ನೋಡಿದರು. ಮರುದಿನವೇ ಬೇರಿಂಗುಗಳು ಬಿಗಿದುಕೊಂಡು ಕವಚ ಒಡೆದುಹೋಯಿತು! ಹೊಸ ಎರಕ ಬರಲು ಏಪ್ರಿಲ್ ಆಯಿತು. ಚಾರ್ಲಿ ಮತ್ತೆ ಜೋಡಿಸಿದನು. ಎಂಟು ಅಶ್ವಶಕ್ತಿ ಸಾಕೆಂದಿದ್ದ ಸೋದರರಿಗೆ ಸುಮಾರು ಹನ್ನೆರಡು ದೊರೆಯಿತು. ಅದೇ ನವೆಂಬರಿನಲ್ಲಿ ಕಡಲತೀರದಲ್ಲಿ ಪ್ರೊಪೆಲರುಗಳ ದಂಡಗಳು ಕೆಟ್ಟು ಡೇಟನ್ನಿಗೆ ಹಿಂದಿರುಗಿದವು. ಅವನ್ನು ಬಲಪಡಿಸಿ ಕಳುಹಿದವನೂ ಅವನೇ. ಅವೂ ಬಿರುಕು ಬಿಟ್ಟಾಗ ಆರ್ವಿಲನೇ ಊರಿಗೆ ಧಾವಿಸಿ ಗಟ್ಟಿ ಉಕ್ಕಿನ ದಂಡಗಳನ್ನು ಮಾಡಿಸಿಕೊಂಡು ಹೋದನು. ಆ ಬಳಿಕ ನಡೆದುದು ಡಿಸೆಂಬರ್ 17ರ ಹಾರಾಟ.

ತಾನೂ ಹಾರುವುದನ್ನು ಕಲಿಯಬೇಕೆಂಬ ಆಸೆ ಚಾರ್ಲಿಗಿತ್ತು. ಸೋದರರು ಅದಕ್ಕೆ ಉತ್ತೇಜನ ಕೊಡಲಿಲ್ಲ. ಅವರಿಗೆ ಅವನು ಬೇಕಾಗಿದ್ದುದು ನೆಲದ ಮೇಲೆ. ಅವರ ದೃಷ್ಟಿಯಲ್ಲಿ ಅದು ಸರಿಯೇ ಇರಬಹುದು. ಚಾರ್ಲಿಯ ದೃಷ್ಟಿಯಿಂದ ನೋಡಿದರೆ ಮನಸ್ಸಿಗೆ ನೋವಾಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಫೋರ್ಟ್ ಮಾಯರ್ ಎಂಬಲ್ಲಿ ಆರ್ವಿಲನ ವಿಮಾನ ಬಿದ್ದು, ಜೊತೆಗಿದ್ದ ಸೈನ್ಯಾಧಿಕಾರಿ ಸೆಲ್ಫ್ರಿಜ್ ಮಡಿದನು. ಅಂದು ಮುರಿದ ಯಂತ್ರಕ್ಕೆ ಒರಗಿ ನಿಂತು ಚಾರ್ಲಿ ಕಣ್ಣೀರಿಟ್ಟನೆಂದು ಕಂಡವರು ಹೇಳಿದ್ದಾರೆ. 1911ರಲ್ಲಿ ಕ್ಯಾಲ್ ರಾಜರ್ಸ್ ಎಂಬ ಸಾಹಸಿ ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ವಿಮಾನದಲ್ಲಿ ದಾಟಲು ಹೊರಟಾಗ, ಕೆಳಗೆ ರೈಲಿನಲ್ಲಿ ಹಿಂಬಾಲಿಸುತ್ತ, ದಾರಿಯುದ್ದಕ್ಕೂ ಬಿದ್ದು ಮುರಿದ ವಿಮಾನವನ್ನು ಸರಿಪಡಿಸಿದವರಲ್ಲಿ ಚಾರ್ಲಿಯೂ ಒಬ್ಬ.

1928ರಲ್ಲಿ ಅವನು ಕ್ಯಾಲಿಫೋರ್ನಿಯಕ್ಕೆ ಹೋಗಿ ಸ್ವಂತ ಕಾರ್ಯಾಗಾರ ತೆರೆದನು. ಆರ್ಥಿಕ ಮುಗ್ಗಟ್ಟಿನ ಕಾಲ ಬಂದಿತು, ಅಂಗಡಿ ನಿಲ್ಲಲಿಲ್ಲ. ಭೂಮಿಗೆ ಹಾಕಿದ ಹಣವೂ ಮುಳುಗಿತು. ಹೆಂಡತಿ ತೀರಿಕೊಂಡಳು. ಹೆನ್ರಿ ಫೋರ್ಡ್ ರೈಟ್ ಸೋದರರ ಅಂಗಡಿಯನ್ನು ತನ್ನ ವಸ್ತುಸಂಗ್ರಹಾಲಯದಲ್ಲಿ ಮೊದಲಿನಂತೆ ನಿಲ್ಲಿಸಲು ಬಯಸಿ, 1937ರಲ್ಲಿ ಚಾರ್ಲಿಯನ್ನು ಹುಡುಕಿಸಿದನು. ಅವನು ಸಿಕ್ಕಿದ್ದು ಲಾಸ್ ಏಂಜಲೀಸಿನ ಒಂದು ವಿಮಾನ ಕಾರ್ಖಾನೆಯಲ್ಲಿ. ಕೂಲಿ ಗಂಟೆಗೆ 37 ಸೆಂಟು. ಪಕ್ಕದಲ್ಲಿ ನಿಂತು ದುಡಿಯುತ್ತಿದ್ದವರಿಗೆ ಅವನು ಯಾರೆಂದು ತಿಳಿದಿರಲಿಲ್ಲ; ಅವನೂ ಹೇಳಿಕೊಂಡಿರಲಿಲ್ಲ. ಫೋರ್ಡನ ಕರೆಗೆ ಓಗೊಟ್ಟು ಹೋಗಿ, ಹಳೆಯ ಯಂತ್ರಗಳನ್ನು ಪತ್ತೆಮಾಡಿ ಅವುಗಳ ಜಾಗದಲ್ಲಿ ಇಡಿಸಿದನು. ಕೆಲಸ ಮುಗಿದ ಮೇಲೆ ಕ್ಯಾಲಿಫೋರ್ನಿಯಕ್ಕೆ ಮರಳಿ ಮತ್ತೆ ಕಾರ್ಖಾನೆ ಸೇರಿದನು.

ಆರ್ವಿಲ್ ತನ್ನ ಉಯಿಲಿನಲ್ಲಿ ಚಾರ್ಲಿಗೆ ವರ್ಷಕ್ಕೆ 800 ಡಾಲರ್ ಬರುವಂತೆ ಏರ್ಪಡಿಸಿ, 1948ರ ಜನವರಿ 30ರಂದು ತೀರಿಕೊಂಡನು. ಏರಿದ ಬೆಲೆಗಳ ಆ ದಿನಗಳಲ್ಲಿ ಅದು ಸಾಲಲಿಲ್ಲ. 1955ರಲ್ಲಿ ಪತ್ರಿಕೆಯವರೊಬ್ಬರು ಚಾರ್ಲಿಯನ್ನು ಕಂಡುದು ಬಡವರ ಆಸ್ಪತ್ರೆಯ ವಾರ್ಡಿನಲ್ಲಿ. ಸುದ್ದಿ ಹರಡಿದ ಮೇಲೆ ವಿಮಾನೋದ್ಯಮದವರು ಹಣ ಕೂಡಿಸಿ ಅವನನ್ನು ಒಳ್ಳೆಯ ಶುಶ್ರೂಷಾಲಯಕ್ಕೆ ಸೇರಿಸಿದರು. ಆರ್ವಿಲ್ ತೀರಿಕೊಂಡು ಸರಿಯಾಗಿ ಎಂಟು ವರ್ಷಗಳಾದ ದಿನ, 1956ರ ಜನವರಿ 30ರಂದು, ಚಾರ್ಲಿ ಕಣ್ಮುಚ್ಚಿದನು. ಅವನಿಗೆ ಆಗ ಎಂಬತ್ತೇಳು ವರ್ಷ.