ಹಳೇ ಕಂಪ್ಯೂಟರಿಗೆ ಲಿನಕ್ಸ್: ತೊಡಕು ಬಂದರೆ ಏನು ಮಾಡೋದು?



ನಮ್ಮ ಕೆಲವು ಸಂಘ, ಒಕ್ಕೂಟಗಳಲ್ಲಿ ಈಗ ಕಂಪ್ಯೂಟರ್ ಇದೆ. ಯಾರೋ ದಾನಿಗಳು ಕೊಟ್ಟದ್ದು, ಇಲ್ಲವೇ ಸೆಕೆಂಡ್ ಹ್ಯಾಂಡ್ ತಂದದ್ದು. ವಾರದ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ ಎಲ್ಲವೂ ಅದರೊಳಗೆ ಇದೆ. ಇಂಥ ಹಳೇ ಯಂತ್ರಗಳಲ್ಲಿ ಹಲವು ವಿಂಡೋಸ್ 10ರಲ್ಲಿ ನಡೆಯುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಬೀಗ ಹಳತಾದ ಮನೆಯ ಹಾಗೆ, ಅಂಥ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸುವುದು ಅಪಾಯ. ವಿಂಡೋಸ್ 11 ಹಾಕೋಣವೆಂದರೆ ಅನೇಕ ಹಳೇ ಯಂತ್ರಗಳು ಅದಕ್ಕೆ ಒಗ್ಗುವುದಿಲ್ಲ. ಹಾಗಾದರೆ ಬೆವರು ಸುರಿಸಿ ಕೂಡಿಸಿದ ದುಡ್ಡಿನಲ್ಲಿ ಹೊಸದನ್ನೇ ಕೊಳ್ಳಬೇಕೇ? ಬೇಕಿಲ್ಲ. ಇನ್ನೊಂದು ದಾರಿ ಲಿನಕ್ಸ್.

ಲಿನಕ್ಸ್ ಎಂದರೇನು?

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಕೆಲಸವಿದು. ಮುಂದೆ ಲೋಕದ ಸಾವಿರಾರು ಜನ ಕೈಜೋಡಿಸಿ ಬೆಳೆಸಿದರು. ಇದಕ್ಕೆ ಹಣ ಕೊಡಬೇಕಿಲ್ಲ, ಪ್ರತಿ ಮಾಡಿ ಹಂಚಿದರೆ ತಪ್ಪೂ ಅಲ್ಲ. ಇದರಲ್ಲಿ ಉಬುಂಟು, ಲಿನಕ್ಸ್ ಮಿಂಟ್ ಎಂದು ಬೇರೆ ಬೇರೆ ರೂಪಗಳಿವೆ. ಹೊಸಬರಿಗೆ ಮಿಂಟ್ ಸುಲಭ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಬೇಕು. 4 ಜಿಬಿ ರ‍್ಯಾಮ್ ಇದ್ದರೆ ಸಲೀಸು.

ಒಂದು ಎಚ್ಚರಿಕೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಒಕ್ಕೂಟದವರು ಆತುರಪಡಬೇಡಿ; ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಎಕ್ಸೆಲ್‌ನಲ್ಲಿ ಬರೆದ ಲೆಕ್ಕವಾದರೆ ಮಿಂಟ್ ಜೊತೆಗೇ ಬರುವ ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತದೆ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಮಾತ್ರ ಗೋಜಲಾಗಿ ಕಾಣಬಹುದು. ಅವನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿ ಇಡಿ.

ಮೊದಲ ಕೆಲಸ: ಲೆಕ್ಕ ಉಳಿಸಿಕೊಳ್ಳಿ

ಲಿನಕ್ಸ್ ಹಾಕುವಾಗ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಒತ್ತಿದರೆ ಹಿಂದಿನದೆಲ್ಲ ಹೋಗುತ್ತದೆ. ಆಮೇಲೆ ಯಾರ ಸಾಲ ಎಷ್ಟು ಬಾಕಿ ಎಂದು ಜಗಳ ಶುರುವಾದರೆ ಸಂಘವೇ ಒಡೆಯಬಹುದು. ಆದ್ದರಿಂದ ಎಲ್ಲ ಕಡತಗಳನ್ನು ಎರಡು ಬೇರೆ ಬೇರೆ ಪೆನ್‌ಡ್ರೈವ್‌ಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸಾಲದ ಪಟ್ಟಿಯನ್ನು ಪ್ರಿಂಟ್ ತೆಗೆದು ಸದಸ್ಯೆಯರ ಪಾಸ್‌ಬುಕ್ಕಿಗೆ ತಾಳೆ ಹಾಕಿ. ಲಿನಕ್ಸ್ ಹಾಕಲು ಬಳಸುವ ಪೆನ್‌ಡ್ರೈವ್ ಪೂರ್ತಿ ಅಳಿಯುತ್ತದೆ, ಅದು ಬೇರೆಯೇ ಇರಲಿ. 8 ಜಿಬಿಯದು ಸಾಕು.

ಸಾಮಾನ್ಯವಾಗಿ ಬರುವ ತೊಡಕುಗಳು

1. ಪೆನ್‌ಡ್ರೈವ್ ಹಾಕಿದರೂ ವಿಂಡೋಸೇ ಬರುತ್ತದೆ. ಇಳಿಸಿಕೊಂಡ ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಆಗಲ್ಲ; ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶದಿಂದ ಬರೆಯಬೇಕು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀ ಒತ್ತುತ್ತಾ ಇರಿ. ಕಂಪೆನಿಯಿಂದ ಕಂಪೆನಿಗೆ ಕೀ ಬೇರೆ. ಆಗ ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಆಗಲೂ ಬರದಿದ್ದರೆ ಬಯಾಸ್‌ನಲ್ಲಿ ‘ಸೆಕ್ಯೂರ್ ಬೂಟ್’ ಆಫ್ ಮಾಡಿ ನೋಡಿ.

2. ಪರದೆ ಕಪ್ಪಾಗಿ ನಿಲ್ಲುತ್ತದೆ. ಯಂತ್ರ ಕೆಟ್ಟಿತೆಂದು ಹೆದರಬೇಡಿ. ಚಿತ್ರ ತೋರಿಸುವ ಗ್ರಾಫಿಕ್ಸ್ ಭಾಗಕ್ಕೂ ಲಿನಕ್ಸಿಗೂ ಇನ್ನೂ ಹೊಂದಿಕೆಯಾಗಿಲ್ಲ ಅಷ್ಟೇ. ಮತ್ತೆ ಶುರುಮಾಡಿ, ಮಿಂಟ್ ಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ. ಹಾಕಿ ಮುಗಿದ ಮೇಲೆ ‘ಡ್ರೈವರ್ ಮ್ಯಾನೇಜರ್’ ತೆರೆದು ಸರಿಯಾದ ಡ್ರೈವರ್ ಹಾಕಿ.

3. ವೈಫೈ ಕಾಣುವುದಿಲ್ಲ. ಕೆಲವು ವೈಫೈ ಚಿಪ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಕು. ಅದನ್ನು ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು! ಉಪಾಯ ಇದೆ. ಮೊಬೈಲನ್ನು ಚಾರ್ಜರ್ ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಆ ನೆಟ್‌ನಿಂದಲೇ ಡ್ರೈವರ್ ಮ್ಯಾನೇಜರ್ ಮೂಲಕ ಡ್ರೈವರ್ ತರಿಸಿ.

4. ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತದೆ. ಬಯಾಸ್‌ನಲ್ಲಿ ಡಿಸ್ಕಿನ ವಿಧಾನ ‘ರೈಡ್’ ಅಥವಾ ‘ಆರ್‌ಎಸ್‌ಟಿ’ ಎಂದಿದ್ದರೆ ‘ಎಎಚ್‌ಸಿಐ’ಗೆ ಬದಲಿಸಬೇಕು. ಬದಲಿಸಿದ ಮೇಲೆ ಹಳೇ ವಿಂಡೋಸ್ ತೆರೆಯದೇ ಹೋಗಬಹುದು. ಅದಕ್ಕೇ ಲೆಕ್ಕ ಮೊದಲು ಉಳಿಸಿ ಎಂದದ್ದು.

5. ಗಂಟೆ, ತಾರೀಖು ತಪ್ಪು ತೋರಿಸುತ್ತದೆ. ಒಳಗಿರುವ ನಾಣ್ಯದಂಥ ಸೆಲ್ ಮುಗಿದಿದೆ. ತಾರೀಖು ತಪ್ಪಿದ್ದರೆ ವೆಬ್‌ಸೈಟುಗಳು ಸುರಕ್ಷಿತವಲ್ಲ ಎಂದು ನಿಲ್ಲಿಸುತ್ತವೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಸೆಲ್ ಇರುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ನಂತರ ಬದಲಿಸಿ.

6. ಅರ್ಧಕ್ಕೆ ನಿಂತುಬಿಡುತ್ತದೆ. ಮೊದಲು ಬೇರೆ ಪೆನ್‌ಡ್ರೈವ್‌ಗೆ ಹೊಸದಾಗಿ ಬರೆದು ನೋಡಿ. ಆಗಲೂ ನಿಂತರೆ ರ‍್ಯಾಮ್ ಸಡಿಲವಾಗಿರಬಹುದು, ಧೂಳು ಕೂತಿರಬಹುದು. ಬಲ್ಲವರ ಕೈಯಿಂದ ತೆಗೆಸಿ, ಒರೆಸಿ, ಮತ್ತೆ ಕೂರಿಸಿ.

ಹಾಕುವ ಮೊದಲೇ ನೋಡಬಹುದು

ಸೀರೆ ಕೊಳ್ಳುವ ಮೊದಲು ಮಡಿಕೆ ಬಿಚ್ಚಿ ನೋಡುತ್ತೇವಲ್ಲ, ಹಾಗೆಯೇ ಮಿಂಟನ್ನು ಹಾಕದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ಆಗ ಡಿಸ್ಕಿನಲ್ಲಿರುವುದು ಅಳಿಯುವುದಿಲ್ಲ. ಪರದೆ, ಕೀಬೋರ್ಡ್, ಧ್ವನಿ, ವೈಫೈ, ಪ್ರಿಂಟರ್ ಒಂದೊಂದಾಗಿ ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಮಾತ್ರ ಮುಂದುವರಿಯಿರಿ.

ನೆನಪಿಡುವ ಮಾತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ಪರದೆಯಲ್ಲಿ ಬಂದ ಸಂದೇಶವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ನಿರ್ಣಯ ಪುಸ್ತಕದ ಹಾಗೆ ಇದಕ್ಕೂ ಒಂದು ನೋಟ್‌ಬುಕ್ ಇಡಿ. ಮುಂದಿನ ಸಂಘದವರಿಗೆ ಅದೇ ಪಾಠವಾಗುತ್ತದೆ.

ಗುಂಪಿನಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಲೆಕ್ಕದ ಪ್ರತಿ ಎಷ್ಟು ಕಡೆ ಇದೆ? ಯಾರ ಬಳಿ ಇದೆ?
2. ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ರ‍್ಯಾಮ್ ಇದೆ, ಯಾವ ವಿಂಡೋಸ್ ಇದೆ?
3. ಇದನ್ನು ಕಲಿಯಲು ಮುಂದೆ ಬರುವ ಇಬ್ಬರು ಸದಸ್ಯೆಯರು ಯಾರು? ಒಬ್ಬರಿಗೇ ಗೊತ್ತಿದ್ದರೆ ಸಾಲದು. ಅವರು ಊರಲ್ಲಿಲ್ಲದ ದಿನ ಇಡೀ ಸಂಘ ಕಾಯಬೇಕಾಗುತ್ತದೆ.