ಸಾಲಿನಲ್ಲಿ ನಿಂತವರ ದುಡ್ಡು

ವಿದೇಶದ ಕಂಪನಿಯಲ್ಲಿ ದುಡಿಯುತ್ತ ಆ ದೇಶದ ಕಾಯಂ ವಾಸದ ಅನುಮತಿಗೆ ಕಾಯುತ್ತಿರುವವರಿಗೆ ನಾನು ಹೇಳುವುದು ಒಂದೇ ಮಾತು. ಅನುಮತಿ ಬರುವ ದಿನವನ್ನು ನಂಬಿ ದುಡ್ಡಿನ ಯಾವ ತೀರ್ಮಾನವನ್ನೂ ಮಾಡಬೇಡಿ. ಬಂದರೂ ನಡೆಯಬೇಕು, ಬಾರದಿದ್ದರೂ ನಡೆಯಬೇಕು, ಹಣ ಹಾಗಿರಲಿ. ಕಳಸದ ತೋಟದ ಮನೆಯಿಂದ ಹೊರಟು ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವ ನಾನೂ ವರ್ಷಗಳಿಂದ ಆ ಸಾಲಿನಲ್ಲಿ ನಿಂತವನು.

ಊರಿಗೆ ಹೋದರೆ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, "ಎಂತ ಮಾರಾಯ, ಆ ಕಾರ್ಡು ಯಾವಾಗ ಬರ್ತದಂತೆ?" ಉತ್ತರ ಇರುವುದು ಅಮೆರಿಕದ 1990ರ ವಲಸೆ ಕಾಯ್ದೆಯಲ್ಲಿ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡು, ಅಂದರೆ ಕಾಯಂ ವಾಸದ ಅನುಮತಿ. ಅರ್ಜಿದಾರರ ಗಂಡ, ಹೆಂಡತಿ, ಮಕ್ಕಳೂ ಅದೇ ಲೆಕ್ಕದೊಳಗೆ. ಸಾಮಾನ್ಯವಾಗಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ 7ಕ್ಕಿಂತ ಹೆಚ್ಚು ಸಿಗುವಂತಿಲ್ಲ. ಭಾರತದಿಂದ ಹೋದ ಸಾಫ್ಟ್‌ವೇರ್‌ನವರ ಸಂಖ್ಯೆ ಎಷ್ಟಿದ್ದರೂ ಪಾಲು ಅಷ್ಟೇ. ಹಾಗಾಗಿ 2025ರ ಕೊನೆಗೆ ಬಂದ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಇಬಿ-2, ಅಂದರೆ ಉದ್ಯೋಗದ ಎರಡನೇ ವರ್ಗದ ಸಾಲು ಇನ್ನೂ 2013ರಲ್ಲೇ ನಿಂತಿತ್ತು. ಅಂದರೆ 2013ರಲ್ಲಿ ಅರ್ಜಿ ಹಾಕಿದವರಿಗೆ ಆಗ ಸರದಿ. ಅವರ ಹಿಂದೆ ನಿಂತವರ ಗತಿ ಏನು? ಇದು ಯಾರ ಅರ್ಹತೆಯ ಪ್ರಶ್ನೆಯೂ ಅಲ್ಲ, ಬರೀ ಲೆಕ್ಕ.

ಆರು ವರ್ಷಕ್ಕೆ ಮುಗಿಯಬೇಕಾದ ಎಚ್-1ಬಿಯನ್ನು, ಗ್ರೀನ್ ಕಾರ್ಡಿಗೆಂದು ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾದವರು ಸರದಿ ಬರುವ ತನಕ ಮೂರು ಮೂರು ವರ್ಷ ಮುಂದುವರಿಸಿಕೊಂಡು ಹೋಗಬಹುದು. ಹೀಗಾಗಿ ಬದುಕು ತಾತ್ಕಾಲಿಕ ಅಂತಲೂ ಅನಿಸುವುದಿಲ್ಲ, ಕಾಯಂ ಅಂತಲೂ ಅನಿಸುವುದಿಲ್ಲ. ದುಡ್ಡಿನ ತೀರ್ಮಾನಗಳು ಹಾದಿ ತಪ್ಪುವುದು ಇಲ್ಲಿಯೇ.

ದೂರದಲ್ಲಿ ಯಾರೋ ಹಾಕಿದ ಸಹಿಯ ಮೇಲೆ ಇಲ್ಲಿಯ ಅನ್ನ ನಿಂತಿರುವುದು ಕಳಸದವರಿಗೆ ಹೊಸದಲ್ಲ. ಕಾಫಿಯನ್ನೇ ನೋಡಿ. ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ಗೊತ್ತಾಗುತ್ತದೆ, ರೋಬಸ್ಟಾದ್ದು ಲಂಡನ್ನಿನಲ್ಲಿ. ನಮ್ಮ ಬೆನ್ನಿಗೇ ಇರುವ ಕುದುರೆಮುಖದ ಅದಿರು ಯೋಜನೆ ಶುರುವಾದದ್ದು 1970ರ ದಶಕದಲ್ಲಿ, ಇರಾನಿನ ಹಣ ಮತ್ತು ಇರಾನಿನ ಖರೀದಿಯ ಭರವಸೆಯ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಕೊಳ್ಳುವವರು ಹಿಂದೆ ಸರಿದರು. ಗಣಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಬಹುಕಾಲ ನಡೆಯಿತು. ಆಮೇಲೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಇದ್ದ ಆ ಊರು ಖಾಲಿಯಾದದ್ದನ್ನು ನನ್ನ ವಾರಗೆಯವರು ಕಣ್ಣಾರೆ ಕಂಡಿದ್ದೇವೆ. ಸಂಬಳ ಎಷ್ಟು ಗಟ್ಟಿಯಾಗಿದ್ದರೂ ಅದರ ಬೇರು ಎಲ್ಲಿದೆ ಎಂದು ನೋಡಿಕೊಳ್ಳಬೇಕು ಎನ್ನುವುದು ನನಗೆ ಅಲ್ಲಿಂದಲೇ ಹೊಳೆದದ್ದು.

ಈಗ ತೆರಿಗೆಯ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವರ ಗೊಂದಲ ಇರುವುದು ಅಲ್ಲಿ.

2020ರ ಆರಂಭದಲ್ಲಿ ವೀಸಾ ಸ್ಟಾಂಪಿಂಗಿಗೆಂದು ಊರಿಗೆ ಬಂದೆ. ಮಾರ್ಚಿನಲ್ಲಿ ಕಾನ್ಸುಲೇಟುಗಳು ಬಾಗಿಲು ಹಾಕಿದವು. ಜೂನ್ 22ಕ್ಕೆ ಅಮೆರಿಕದ ಅಧ್ಯಕ್ಷರ ಘೋಷಣೆ ಹೊರಬಿತ್ತು. ಕೈಯಲ್ಲಿ ಚಾಲ್ತಿ ವೀಸಾ ಇಲ್ಲದ ಎಚ್-1ಬಿಯವರು ಒಳಗೆ ಬರುವಂತಿಲ್ಲ. ಅದು ಮುಂದುವರಿದು 2021ರ ಮಾರ್ಚ್ 31ರವರೆಗೂ ಇತ್ತು. ಕಂಪನಿ ಊರಿನಿಂದಲೇ ಕೆಲಸ ಮಾಡಲು ಒಪ್ಪಿತು. ಅಲ್ಲಿನ ಬೆಳಗು ಇಲ್ಲಿನ ಸಂಜೆ. ಹೊರಗೆ ಆಷಾಢದ ಮಳೆ, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯ ನೀರು, ಅಟ್ಟದ ಮೇಲೆ ಇನ್‌ವರ್ಟರಿನ ಬಲದಲ್ಲಿ ನನ್ನ ಮೀಟಿಂಗು. ಸಂಬಳ ಡಾಲರಿನಲ್ಲಿ ಅಲ್ಲಿಯ ಬ್ಯಾಂಕಿಗೇ ಬೀಳುತ್ತಿತ್ತು.

ಆಗ ಬಹಳ ಜನ ಹೇಳಿದ್ದು, ದುಡ್ಡು ಅಮೆರಿಕದ್ದು, ಖಾತೆ ಅಮೆರಿಕದ್ದು, ಇಲ್ಲಿಗೆ ಏನೂ ಸಂಬಂಧವಿಲ್ಲ ಎಂದು. ಸಂಬಂಧ ಇದೆ. ಸಂಬಳಕ್ಕೆ ತೆರಿಗೆ ಹಾಕುವಾಗ ಕಾನೂನು ಮೊದಲು ನೋಡುವುದು ನೀವು ಎಲ್ಲಿ ಕೂತು ಕೆಲಸ ಮಾಡಿದಿರಿ ಎಂಬುದನ್ನು. ಭಾರತದಲ್ಲಿ ಕೂತು ಮಾಡಿದ ಕೆಲಸದ ಸಂಬಳ ಭಾರತದ ಆದಾಯ, ಅದು ಯಾವ ದೇಶದ ಬ್ಯಾಂಕಿಗೆ ಬಿದ್ದರೂ ಸರಿ. ಸ್ವಲ್ಪ ದಿನಕ್ಕೆ ಬಂದು ಹೋಗುವವರಿಗೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದಲ್ಲಿ ವಿನಾಯಿತಿ ಇದೆ. ವಾಸ 183 ದಿನ ದಾಟಿರಬಾರದು, ಸಂಬಳ ಕೊಡುವ ಕಂಪನಿ ಭಾರತದ್ದಾಗಿರಬಾರದು, ಆ ಸಂಬಳದ ಖರ್ಚನ್ನು ಅದರ ಇಲ್ಲಿಯ ಶಾಖೆ ಹೊತ್ತಿರಬಾರದು. ಮಳೆಗಾಲ ಪೂರ್ತಿ ಕೂತವರಿಗೆ ಆ ಆಸರೆ ತಪ್ಪಿತು. 2019-20ರ ಸಾಲಿಗೆ ನೇರ ತೆರಿಗೆ ಮಂಡಳಿ, ಸಿಕ್ಕಿಬಿದ್ದವರ ಕೆಲವು ದಿನಗಳನ್ನು ಬಿಟ್ಟು ಎಣಿಸಲು ಒಪ್ಪಿತ್ತು. 2020-21ಕ್ಕೆ ಎಲ್ಲರಿಗೂ ಅನ್ವಯಿಸುವಂಥ ರಿಯಾಯಿತಿ ಕೊಡಲಿಲ್ಲ. ಎರಡೂ ಕಡೆ ತೆರಿಗೆ ಬಿದ್ದವರು 2021ರ ಮಾರ್ಚ್ 31ರೊಳಗೆ ವಿವರ ಸಲ್ಲಿಸಿ ಎಂದಿತು, ಅಷ್ಟೇ.

ಇದರಲ್ಲಿ ಹೊಡೆತ ಬೀಳುವುದು ತೆರಿಗೆಯ ಮೊತ್ತಕ್ಕಿಂತ ಕೈಯಲ್ಲಿರುವ ನಗದಿಗೆ. ಅಮೆರಿಕದ ಕಂಪನಿ ತನ್ನ ಸರ್ಕಾರಕ್ಕೆ ಪ್ರತಿ ಸಂಬಳದಲ್ಲೂ ಹಿಡಿಯುತ್ತಲೇ ಇರುತ್ತದೆ. ಭಾರತಕ್ಕೆ ಅದು ಟಿಡಿಎಸ್ ಕಟ್ಟುವುದಿಲ್ಲ, ಹಾಗಾಗಿ ಮುಂಗಡ ತೆರಿಗೆಯನ್ನು ನಾವೇ ಕಟ್ಟಬೇಕು. ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ಇಲ್ಲಿ ಕಟ್ಟಿದ್ದಕ್ಕೆ ಅಲ್ಲಿಯ ರಿಟರ್ನಿನಲ್ಲಿ ಪರಿಹಾರ ಕೇಳಬಹುದು, ಆದರೆ ಅವರ ವರ್ಷ ಜನವರಿಯಿಂದ, ನಮ್ಮದು ಏಪ್ರಿಲ್‌ನಿಂದ. ಪರಿಹಾರ ಕೈಗೆ ಬರುವ ತನಕ ಒಂದೇ ಸಂಬಳ ಎರಡು ಸರ್ಕಾರಗಳ ಬಳಿ ಅಡ ಇಟ್ಟಂತೆ ಇರುತ್ತದೆ. ಆದ್ದರಿಂದ ಊರಿನಿಂದ ಕೆಲಸ ಮಾಡುವ ಅವಕಾಶ ಸಿಕ್ಕಿದರೆ ಮೊದಲ ಸಂಬಳದಿಂದಲೇ ಭಾರತದ ತೆರಿಗೆಯಷ್ಟನ್ನು ಬೇರೆ ತೆಗೆದಿಡಿ. 2025ರ ಡಿಸೆಂಬರಿನಲ್ಲಿ ಎಚ್-1ಬಿಯವರ ಸಾಮಾಜಿಕ ಜಾಲತಾಣ ತಪಾಸಣೆ ಶುರುವಾಗಿ ಸಂದರ್ಶನದ ದಿನಗಳು ತಿಂಗಳುಗಟ್ಟಲೆ ಮುಂದೆ ಹೋದಾಗ, ರಜೆಗೆಂದು ಬಂದ ಎಷ್ಟೋ ಜನ ಮತ್ತೆ ಇದೇ ಪರಿಸ್ಥಿತಿಗೆ ಬಂದರು. ಪಾಸ್‌ಪೋರ್ಟಿನ ಮುದ್ರೆ ನೋಡಿ ದಿನ ಎಣಿಸಿಕೊಳ್ಳಿ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಮುಟ್ಟಿದರೆ ನೀವು ಇಲ್ಲಿಯ ನಿವಾಸಿ. ಬಂದುಹೋಗುವವರಲ್ಲಿ ಭಾರತದಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ ಈ ಗೆರೆ 120 ದಿನಕ್ಕೆ ಇಳಿಯಬಹುದು. ಊರಲ್ಲಿ ಕೂತು ದುಡಿದ ಡಾಲರ್ ಸಂಬಳವೂ ಆ 15 ಲಕ್ಷದ ಲೆಕ್ಕಕ್ಕೆ ಸೇರುತ್ತದೆ ಎನ್ನುವುದು ನೆನಪಿರಲಿ.

ಕಾಫಿ ಮನೆಗಳ ಮಕ್ಕಳಿಗೆ ಇನ್ನೊಂದು ಸಂಗತಿ ಇದೆ, ಆಡಿಟರಿಗೆ ಹೇಳದೆ ಬಿಡುವಂಥದ್ದು. ಅಜ್ಜನ ಆಸ್ತಿಯ ಹಿಸ್ಸೆಯಲ್ಲಿ ನನ್ನ ಹೆಸರಿಗೂ ಸ್ವಲ್ಪ ತೋಟ ಬಂದಿದೆ. ಬೆಳೆದು ಪಲ್ಪ್ ಮಾಡಿ ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾರಿದರೆ ಅದು ಕೃಷಿ ಆದಾಯ, ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಬೆಳೆಗಾರನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಲಾಭದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯಾಪಾರದ ಆದಾಯ ಎಂದು ಎಣಿಕೆ. ಆದರೆ ಅಮೆರಿಕ ತನ್ನಲ್ಲಿ ವಾಸ ಇರುವವನ ಜಗತ್ತಿನ ಎಲ್ಲ ಆದಾಯವನ್ನೂ ಕೇಳುತ್ತದೆ, ಗ್ರೀನ್ ಕಾರ್ಡು ಇನ್ನೂ ಬಾರದವನನ್ನೂ ಬಿಡುವುದಿಲ್ಲ. ಖರ್ಚು ಕಳೆದು ಉಳಿದ ಕಾಫಿಯ ಲಾಭವನ್ನು ಅಲ್ಲಿ ತೋರಿಸಲೇಬೇಕು. ಇಲ್ಲಿ ತೆರಿಗೆಯೇ ಕಟ್ಟಿಲ್ಲವಾದ್ದರಿಂದ ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ದರ ಏರಿದ ಈಚಿನ ವರ್ಷಗಳಲ್ಲಿ ಇದು ಸಣ್ಣ ಮೊತ್ತವಲ್ಲ. ಅಪ್ಪಯ್ಯನ ಜೊತೆ ಜಂಟಿಯಾಗಿರುವ ಕಳಸದ ಉಳಿತಾಯ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ವಿದೇಶಿ ಖಾತೆಗಳ ವರದಿಯಾದ ಎಫ್‌ಬಿಎಆರ್ ಸಲ್ಲಿಸಬೇಕು. ಬೆಂಗಳೂರಿನಲ್ಲಿದ್ದಾಗ ಶುರುಮಾಡಿದ ಮ್ಯೂಚುವಲ್ ಫಂಡ್ ಎಸ್‌ಐಪಿಗಳ ಮೇಲೆ ಅಮೆರಿಕದ ಕಾನೂನು ವಿಶೇಷವಾಗಿ ಕಠಿಣ. ಪ್ರತಿ ಫಂಡಿಗೂ ಬೇರೆ ಫಾರಂ, ಮಾರಿದಾಗ ಹೆಚ್ಚಿನ ದರ, ಮೇಲೆ ಬಡ್ಡಿ. ಅಲ್ಲಿಗೆ ಹೋಗುವ ಮೊದಲೇ ಅವನ್ನು ಮಾರಿ ಮುಗಿಸುವುದು ಲೇಸು ಎನ್ನುವುದು ನನ್ನ ಅಭಿಪ್ರಾಯ.

ಕೆಲಸ ಹೋದರೆ ಎಚ್-1ಬಿಯವನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಐ-140 ಮಂಜೂರಾಗಿ 180 ದಿನ ಕಳೆದಿದ್ದರೆ ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಸಾಲಿನಲ್ಲಿ ನಿಮ್ಮ ಜಾಗ ಉಳಿಯುತ್ತದೆ, ಇದು ದೊಡ್ಡ ನೆಮ್ಮದಿ. ಆದರೆ ಬಾಡಿಗೆ ನಿಲ್ಲುವುದಿಲ್ಲ, ಆಸ್ಪತ್ರೆಯ ವಿಮೆ ಕಂಪನಿಯೊಂದಿಗೇ ಹೋಗುತ್ತದೆ. ಆರು ತಿಂಗಳ ಖರ್ಚು ಮತ್ತು ಮನೆಮಂದಿಯೆಲ್ಲ ಊರಿಗೆ ಮರಳುವ ಟಿಕೆಟ್ಟಿನ ಹಣ ಅಲ್ಲಿಯ ಬ್ಯಾಂಕಿನಲ್ಲಿ ಕೈಗೆಟುಕುವಂತೆ ಇರಬೇಕು. ಇದನ್ನು ಮಾಡದೆ ಮೊದಲು ಮನೆ ಕೊಳ್ಳಲು ಹೊರಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸೋಷಿಯಲ್ ಸೆಕ್ಯುರಿಟಿಗೆಂದು ಸಂಬಳದಲ್ಲಿ ಹಿಡಿಯುವ ಶೇ 6.2ರ ಬಗ್ಗೆಯೂ ಯೋಚಿಸಿ. ಆ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕರಂತೆ ಹತ್ತು ವರ್ಷದ ದುಡಿಮೆ. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲ, ಇಲ್ಲಿಯ ಪಿಎಫ್ ವರ್ಷಗಳು ಅಲ್ಲಿ ಸೇರುವುದಿಲ್ಲ. ಎಂಟೋ ಒಂಬತ್ತೋ ವರ್ಷಕ್ಕೆ ಹೊರಡುವ ಆಲೋಚನೆ ಇರುವವರು ಈ ಲೆಕ್ಕವನ್ನು ಒಮ್ಮೆ ಮುಂದಿಟ್ಟುಕೊಳ್ಳಲಿ. ನಿವೃತ್ತಿಗೆ ಕೂಡಿಡುವ 401(ಕೆ) ಖಾತೆಯನ್ನು ಮಾತ್ರ ಹೊರಡುವ ಗಡಿಬಿಡಿಯಲ್ಲಿ ಒಡೆಯಬೇಡಿ. ಐವತ್ತೊಂಬತ್ತೂವರೆ ವರ್ಷಕ್ಕೆ ಮೊದಲು ತೆಗೆದರೆ ತೆರಿಗೆಯ ಮೇಲೆ ಶೇ 10 ದಂಡ. ಅದರ ಬೆಳವಣಿಗೆಗೆ ವರ್ಷ ವರ್ಷ ತೆರಿಗೆ ಕಟ್ಟದೆ, ಹಣ ತೆಗೆದಾಗಲೇ ಕಟ್ಟುವ ಆಯ್ಕೆಯನ್ನು ಭಾರತವೂ 2021ರ ಬಜೆಟ್‌ನಲ್ಲಿ ಕೊಟ್ಟಿದೆ. ದೀರ್ಘ ಕಾಲ ಹೊರಗಿದ್ದು ಮರಳಿದವರಿಗೆ ಮೊದಲ ಒಂದೆರಡು ವರ್ಷ ವಿದೇಶದ ಬಡ್ಡಿ, ಡಿವಿಡೆಂಡುಗಳಿಗೆ ಇಲ್ಲಿ ತೆರಿಗೆ ಬೀಳದ ಸ್ಥಾನವೂ ಸಿಗುತ್ತದೆ. ಹೊರಗಿನ ಹೂಡಿಕೆಗಳನ್ನು ಸರಿಪಡಿಸಿಕೊಳ್ಳಲು ಅದೇ ಹೊತ್ತು. ಆ ಅವಧಿ ಮುಗಿದ ಮೇಲೆ ವಿದೇಶದ ಪ್ರತಿ ಖಾತೆಯನ್ನೂ ರಿಟರ್ನಿನಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಕೆನಡಾದ ದಾರಿ ಹಿಡಿದ ಹುಡುಗ ಹುಡುಗಿಯರೂ ನಮ್ಮ ಕಡೆ ಇದ್ದಾರೆ. ಇಲ್ಲೇ ಕೂತು ಹೊರಗಿನ ಕಂಪನಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತ, ಕೆನಡಾದ ಕಾಯಂ ವಾಸಕ್ಕೆ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿಯ ಕರೆಗೆ ಕಾಯುವವರು. ಅವರಿಗೆ ಹೇಳುವುದಿಷ್ಟು. ಕರೆ ಬಂದ ಮೇಲೆ ದಾಖಲೆ ಸಲ್ಲಿಸಲು ಸಿಗುವುದು 60 ದಿನ. ಕೆಲಸ ಏನು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು ಎಂದು ಬರೆದ ಪತ್ರವನ್ನು ಪ್ರತಿ ಕಂಪನಿಯಿಂದಲೂ ಬಿಡುವಾಗಲೇ ಪಡೆದುಕೊಳ್ಳಿ. ಗುತ್ತಿಗೆಯವರಿಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಅವೆರಡನ್ನೂ ದರದಲ್ಲೇ ಸೇರಿಸಿ ಕೇಳಿ.

ಕೊನೆಗೆ ಜಮೀನಿನ ವಿಷಯ. ಕಾಫಿ ಸೀಮೆಯ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ನಮ್ಮ ತೋಟಕ್ಕೆ ಒತ್ತಿಕೊಂಡ ಜಾಗ ಮಾರಾಟಕ್ಕೆ ಬಂತು. ಅಪ್ಪಯ್ಯ ಫೋನು ಮಾಡಿ, "ಒತ್ತಿನ ಜಾಗ, ಬಿಟ್ರೆ ಮತ್ತೆ ಸಿಗುದಿಲ್ಲ, ಎಂತ ಮಾಡುದು?" ಎಂದರು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿದೆ, ನಿಜ. ಆದರೆ ಅನಿವಾಸಿಯನ್ನು ಕಟ್ಟಿಹಾಕಿರುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ಫೆಮಾ. ಅದರ ಪ್ರಕಾರ ಅನಿವಾಸಿ ಭಾರತೀಯ ಮನೆ, ಸೈಟು ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಶನ್, ಫಾರಂ ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸುದಾರನಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಮಾರುವುದಾದರೂ ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು.

ತಂದೆಯ ಹೆಸರಲ್ಲಿ ಕೊಂಡು ಒಳಗೊಳಗೆ ತನ್ನದೆಂದು ಇಟ್ಟುಕೊಳ್ಳುವ ದಾರಿಯನ್ನು ತುಂಬ ಜನ ಹಿಡಿಯುತ್ತಾರೆ. ಅದು ಬೇನಾಮಿಯ ಕಡೆಗೆ ಹೋಗುವ ದಾರಿ. 2016ರ ತಿದ್ದುಪಡಿಯಿಂದ ಆ ಕಾಯ್ದೆಗೆ ಹಲ್ಲು ಬಂದಿದೆ. ನಾನು ಹಣವನ್ನು ಅಪ್ಪಯ್ಯನಿಗೆ ದಾನವಾಗಿ ಕೊಟ್ಟೆ, ಬ್ಯಾಂಕಿನ ಮೂಲಕ, ದಾನಪತ್ರದ ಸಮೇತ. ಮಗ ತಂದೆಗೆ ಕೊಟ್ಟ ದಾನಕ್ಕೆ ಭಾರತದಲ್ಲಿ ತೆರಿಗೆ ಇಲ್ಲ. ಅಮೆರಿಕದಲ್ಲಿ ಒಬ್ಬರಿಗೆ ವರ್ಷಕ್ಕೆ 19,000 ಡಾಲರ್ ದಾಟಿದರೆ, ಅದು 2025ರ ಮಿತಿ, ದಾನದ ವಿವರ ಕೊಡುವ ಫಾರಂ 709 ಬೇಕಾಗಬಹುದು. ಅಪ್ಪಯ್ಯ ತಮ್ಮ ಹೆಸರಿಗೆ ಜಾಗ ಕೊಂಡರು, ಪಹಣಿ ಅವರದು, ಫಸಲು ಅವರದು. ನಾಳೆ ಅವರು ಅದನ್ನು ತಂಗಿಗೆ ಬರೆದರೂ ನಾನು ಮಾತಾಡುವಂತಿಲ್ಲ. ಇದನ್ನು ಮನಸ್ಸಾರೆ ಒಪ್ಪಿಕೊಳ್ಳಲಾಗದವರು ಹಣ ಕೊಡಬಾರದು.

ಆ ಮೇಲೆ ಅಪ್ಪಯ್ಯ ತಮ್ಮಷ್ಟಕ್ಕೆ ಉಯಿಲು ಬರೆದು ನೋಂದಣಿ ಮಾಡಿಸಿದರು. ಅದರಲ್ಲಿ ಏನಿದೆ ಎಂದು ನಾನು ಕೇಳಿಲ್ಲ. ಊರಿನ ನನ್ನ ಕೆಲಸಗಳಿಗೆ ಅಮೆರಿಕದಿಂದ ಕಳಿಸಬೇಕಾದ ಅಧಿಕಾರಪತ್ರವನ್ನೂ ಸಾರಾಸಗಟಾಗಿ ಕೊಡದೆ, ಒಂದೊಂದು ಕೆಲಸಕ್ಕೆ ಬೇರೆ ಬೇರೆ ಬರೆಸಿ, ಕಾನ್ಸುಲೇಟಿನ ಮುದ್ರೆ ಹಾಕಿಸಿ ಕಳಿಸಿದೆ. ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಬೇಕು. ತಂಗಿ ಮೊದಲ ವಾರದಲ್ಲೇ ಆ ಕೆಲಸ ಮುಗಿಸಿದಳು.